ನಮ್ಮ ಅಜ್ಜಿಯ ಆಯುಸ್ಸನ್ನು ಮುದ್ದೆಯ ಲೆಕ್ಕಕ್ಕೆ ಬರೆಯಬೇಡಿ

ಅಜ್ಜಿ ತೀರಿಕೊಂಡ ಮೇಲೆ ಬಂದ ಸಂತಾಪದ ಸಂದೇಶಗಳನ್ನೆಲ್ಲ ಬಿಡದೆ ಓದಿದ್ದೇನೆ. ಹತ್ತರಲ್ಲಿ ಏಳೆಂಟು ಒಂದೇ ಧಾಟಿಯವು. ‘ರಾಗಿಮುದ್ದೆ ತಿಂದ ಗಟ್ಟಿ ಜೀವ.’ ‘ಒಂದು ಮಾತ್ರೆ ನುಂಗಿದವರಲ್ಲ.’ ‘ಆಗಿನ ಗಾಳಿಯೇ ಬೇರೆ, ಆಗಿನ ನೀರೇ ಬೇರೆ.’ ‘ನಮಗೆ ನಲವತ್ತಕ್ಕೇ ಮಂಡಿನೋವು, ಆ ತಾಯಿ ತೊಂಬತ್ತು ದಾಟಿದರೂ ಕೋಲು ಹಿಡಿಯಲಿಲ್ಲ.’ ಬೆಂಗಳೂರಿನಲ್ಲಿರುವ ನಮ್ಮ ದೂರದ ನೆಂಟರೊಬ್ಬರು ಅಜ್ಜಿಯ ಫೋಟೊದ ಪಕ್ಕದಲ್ಲಿ ಮುದ್ದೆ, ಸೊಪ್ಪಿನ ಸಾರಿನ ಚಿತ್ರ ಸೇರಿಸಿ ‘ನಮ್ಮ ಹಿರಿಯರ ಆರೋಗ್ಯದ ಗುಟ್ಟು’ ಎಂದು ಹಾಕಿದ್ದಾರೆ. ನೂರಾರು ಜನ ಅದನ್ನು ಹಂಚಿಕೊಂಡಿದ್ದಾರೆ.

ಎಲ್ಲರೂ ಪ್ರೀತಿಯಿಂದಲೇ ಬರೆದಿದ್ದಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಹಳೆಯ ಕಾಲವನ್ನು ಹೊಗಳುವ ಮೊಕದ್ದಮೆಗೆ ನಮ್ಮ ಅಜ್ಜಿಯನ್ನು ಸಾಕ್ಷಿಗೆ ಕರೆದರೆ ನಾನು ಒಪ್ಪುವುದಿಲ್ಲ. ಆ ಸಾಕ್ಷಿ ನಿಮ್ಮ ಕಡೆಗೆ ನುಡಿಯುವವಳಲ್ಲ. ಗೌರಿಬಿದನೂರು ಸೀಮೆಯಲ್ಲಿ ಹುಟ್ಟಿ, ಅಲ್ಲೇ ಮದುವೆಯಾಗಿ, ಅಲ್ಲೇ ಮಣ್ಣಾದ ಅವಳಷ್ಟು ಕಡಿಮೆ ಹಳಹಳಿಕೆಯಿದ್ದ ಮನುಷ್ಯರನ್ನು ನಾನು ಕಂಡಿಲ್ಲ. ‘ಆಗಿನ ಕಾಲವೇ ಚೆನ್ನಾಗಿತ್ತು’ ಎಂದು ಯಾರಾದರೂ ಜಗಲಿಯ ಮೇಲೆ ಶುರುಮಾಡಿದರೆ, ‘ನೀನು ಎಷ್ಟು ಕೊಡ ನೀರು ಹೊತ್ತಿದ್ದೆಯಪ್ಪಾ ಆಗ?’ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದಳು.

ಮೊದಲು ಮಾತ್ರೆಯ ವಿಷಯ. ಅಜ್ಜಿಯ ಸೊಂಟದಲ್ಲಿ ಸದಾ ಒಂದು ಎಲೆಅಡಿಕೆ ಚೀಲವಿರುತ್ತಿತ್ತು, ಹಳೆಯ ಬಟ್ಟೆಯಲ್ಲಿ ಅವಳೇ ಹೊಲಿದದ್ದು. ಒಂದು ಅರೆಯಲ್ಲಿ ಒದ್ದೆ ಬಟ್ಟೆ ಸುತ್ತಿದ ವೀಳ್ಯದೆಲೆ, ಇನ್ನೊಂದರಲ್ಲಿ ಅಡಿಕೆ ಮತ್ತು ಸುಣ್ಣದ ಡಬ್ಬಿ, ಮೂರನೆಯದರಲ್ಲಿ ಚಿಲ್ಲರೆ ಕಾಸು. ಆ ಚಿಲ್ಲರೆಯ ಜೊತೆಗೆ ರಕ್ತದೊತ್ತಡದ ಮಾತ್ರೆಯ ಪಟ್ಟಿ. ಬೆಳಗಿನ ತಿಂಡಿಯಾದ ಮೇಲೆ ಅಡಕತ್ತರಿಯಿಂದ ಪಟ್ಟಿಯ ಒಂದು ಗುಳಿಯನ್ನು ಕಚಕ್ಕೆಂದು ಕತ್ತರಿಸಿ, ಮಾತ್ರೆ ನುಂಗಿ, ಅದೇ ಅಡಕತ್ತರಿಯಿಂದ ಅಡಿಕೆ ಕತ್ತರಿಸುವುದು ಕ್ರಮ. ಮಾತ್ರೆ ಮುಗಿಯುವುದಕ್ಕೆ ನಾಲ್ಕು ದಿನ ಮುಂಚೆಯೇ ಖಾಲಿ ಪಟ್ಟಿಯನ್ನು ಯಾರಾದರೊಬ್ಬರ ಕೈಗೆ ಕೊಟ್ಟು, ‘ಇದೇ ಬಣ್ಣದ್ದು ತರಬೇಕು, ಅಂಗಡಿಯವನು ಬೇರೆ ಕೊಟ್ಟರೆ ತರಬೇಡ’ ಎಂದು ಹೇಳಿ ಕಳಿಸುತ್ತಿದ್ದಳು. ದಶಕಗಳ ಕಾಲ ಒಂದು ದಿನವೂ ತಪ್ಪಿಸಿದವಳಲ್ಲ. ಎರಡೂ ಕಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆ ಆಗಿತ್ತು. ಅದಕ್ಕೂ ಮುಂಚೆ, ನಮ್ಮ ತಂದೆ ಚಿಕ್ಕವರಿದ್ದಾಗ, ಕ್ಷಯ ಬಂದು ತಿಂಗಳುಗಟ್ಟಲೆ ಸೂಜಿ ಚುಚ್ಚಿಸಿಕೊಂಡು ಗುಣವಾಗಿದ್ದಳು. ಅವಳ ಓರಗಿತ್ತಿಗೆ ಅದೇ ರೋಗ ಬಂದದ್ದು ಅದಕ್ಕೂ ಕೆಲವು ವರ್ಷಗಳ ಹಿಂದೆ. ಆ ಸೂಜಿಯಿನ್ನೂ ಹಳ್ಳಿಯವರ ಕೈಗೆ ಎಟುಕದ ಕಾಲ. ಇಬ್ಬರೂ ಒಂದೇ ಮಡಕೆಯ ಹಿಟ್ಟು ಉಂಡವರು. ಒಬ್ಬಳು ಮೂವತ್ತು ದಾಟಲಿಲ್ಲ, ಇನ್ನೊಬ್ಬಳು ತೊಂಬತ್ತು ದಾಟಿದಳು. ಇದರಲ್ಲಿ ಮುದ್ದೆಯ ಪಾಲು ಎಷ್ಟು, ಔಷಧದ ಪಾಲು ಎಷ್ಟು ಎಂದು ನೀವೇ ಹೇಳಿ.

ಸ್ವಾತಂತ್ರ್ಯ ಬಂದ ಹೊತ್ತಿನಲ್ಲಿ ಭಾರತೀಯರ ಸರಾಸರಿ ಆಯುಸ್ಸು ಸುಮಾರು 32 ವರ್ಷ. ಈಗ ಅದು 70ರ ಆಸುಪಾಸಿನಲ್ಲಿದೆ. ಹಾಗೆಂದರೆ ಆಗಿನವರೆಲ್ಲ ಮೂವತ್ತೆರಡಕ್ಕೇ ಸಾಯುತ್ತಿದ್ದರು ಎಂದಲ್ಲ. ಹುಟ್ಟಿದ ಮಕ್ಕಳಲ್ಲಿ ಬಹಳಷ್ಟು ಕೂಸಾಗಿದ್ದಾಗಲೇ ಹೋಗುತ್ತಿದ್ದವು, ಸರಾಸರಿಯನ್ನು ಕೆಳಕ್ಕೆ ಎಳೆಯುತ್ತಿದ್ದದ್ದು ಆ ಸಾವುಗಳು. ಆ ಗಂಡಾಂತರಗಳನ್ನು ದಾಟಿದವರು ಎಂಬತ್ತು ತೊಂಬತ್ತು ಬದುಕಿದ್ದುಂಟು. ಮೊರದಲ್ಲಿ ಕೇರಿದ ಮೇಲೆ ಉಳಿದ ಕಾಳನ್ನು ತೋರಿಸಿ, ಈ ಹೊಲದಲ್ಲಿ ಜೊಳ್ಳೇ ಬೆಳೆಯುವುದಿಲ್ಲ ಎಂದರೆ ಹೇಗೋ, ಜಗಲಿಯ ಮೇಲೆ ಕುಳಿತ ನಾಲ್ಕು ಮುದುಕರನ್ನು ತೋರಿಸಿ ಹಳೆಯ ಕಾಲದವರೆಲ್ಲ ಗಟ್ಟಿ ಎನ್ನುವುದೂ ಹಾಗೆಯೇ. ಹೋದವರು ಜಗಲಿಯ ಮೇಲೆ ಇರುವುದಿಲ್ಲ, ಅವರ ಫೋಟೊವೂ ಇರುವುದಿಲ್ಲ.

ಅಜ್ಜಿ ಹೆತ್ತದ್ದು ಎಂಟು ಮಕ್ಕಳನ್ನು. ಕೈಗೆ ಹತ್ತಿದ್ದು ಐದು. ಒಂದು ಕೂಸು ಹುಟ್ಟಿದ ಏಳೆಂಟು ದಿನಕ್ಕೆ ಮೊಲೆ ಹಿಡಿಯುವುದನ್ನು ಬಿಟ್ಟು, ಮೈ ಸೆಟೆದು, ಬಿಲ್ಲಿನಂತೆ ಬಾಗಿ ಹೋಯಿತಂತೆ. ಊರಿನಲ್ಲಿ ಅದನ್ನು ಗ್ರಹಚಾರ ಎಂದರು. ಕುಡುಗೋಲಿನಲ್ಲಿ ಹೊಕ್ಕುಳಬಳ್ಳಿ ಕೊಯ್ಯುತ್ತಿದ್ದ ಕಾಲ, ಅದು ಧನುರ್ವಾಯು ಎಂದು ಈಗ ಯಾವ ಆಶಾ ಕಾರ್ಯಕರ್ತೆಯಾದರೂ ಹೇಳಿಬಿಡುತ್ತಾಳೆ. ಬಸುರಿಯರಿಗೆ ಚುಚ್ಚುಮದ್ದು, ಆಸ್ಪತ್ರೆಯ ಹೆರಿಗೆ, ಶುಚಿಯಾದ ಬ್ಲೇಡು ಎಲ್ಲ ಸೇರಿ, 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದಲ್ಲಿ ಬಾಣಂತಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಿರ್ಮೂಲವಾಗಿದೆ ಎಂದು ಒಪ್ಪಿಕೊಂಡಿತು. ಇನ್ನೊಂದು ಮಗು ನಾಯಿಕೆಮ್ಮಿಗೆ ಹೋಯಿತು. ಮೂರನೆಯದು ಯಾವುದಕ್ಕೆ ಹೋಯಿತು ಎಂದು ಅಜ್ಜಿಗೂ ತಿಳಿಯಲಿಲ್ಲ, ‘ರಾತ್ರಿ ಜ್ವರ, ಬೆಳಿಗ್ಗೆ ಇಲ್ಲ’ ಎನ್ನುತ್ತಿದ್ದಳು. ಅವಳ ಸ್ವಂತ ಮುಖದ ಮೇಲೆ ಸಿಡುಬಿನ ಕುಳಿಗಳಿದ್ದವು. ಅಮ್ಮ ಬಂದು ಅವಳನ್ನು ಬಿಟ್ಟು ಹೋದಳು, ಅವಳ ತಮ್ಮನನ್ನು ಬಿಡಲಿಲ್ಲ. ಆ ರೋಗ ಭಾರತದಲ್ಲಿ ಕೊನೆಯದಾಗಿ ಕಾಣಿಸಿಕೊಂಡದ್ದು 1975ರಲ್ಲಿ. ನಮ್ಮ ದೊಡ್ಡಪ್ಪ ಅತ್ತೆಯರ ತೋಳಿನ ಮೇಲೆ ದುಂಡಗಿನ ಲಸಿಕೆಯ ಗುರುತಿದೆ. ನನ್ನ ತೋಳಿನ ಮೇಲೆ ಆ ಗುರುತೂ ಇಲ್ಲ, ಅದರ ಅಗತ್ಯವೇ ಮುಗಿದಿತ್ತು. ಒಂದೇ ಮನೆಯ ಮೂರು ತಲೆಮಾರಿನ ಚರ್ಮದ ಮೇಲೆ ಬರೆದಿರುವ ಈ ಚರಿತ್ರೆಯನ್ನು ಬಿಟ್ಟು ‘ಆಗಿನ ಗಾಳಿ’ ಎನ್ನುತ್ತೀರಲ್ಲ!

ರಾಗಿಯ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಸುಣ್ಣದ ಅಂಶವಿದೆ, ಬೇರೆ ಯಾವ ಧಾನ್ಯವೂ ಅದರ ಹತ್ತಿರ ಬರುವುದಿಲ್ಲ. ಮಳೆ ಕೈಕೊಟ್ಟರೂ ಕೈಬಿಡದ ಬೆಳೆ. ನೆಲದೊಳಗೆ ತೋಡಿದ ಹಗೇವಿನಲ್ಲಿ ತುಂಬಿಟ್ಟರೆ ವರ್ಷಗಟ್ಟಲೆ ಹುಳು ಹಿಡಿಯದೆ ಇರುತ್ತದೆ. ನಮ್ಮ ಮನೆಯ ಹಗೇವು ತೆಗೆಯುವ ದಿನ ಬಾಯಿಯ ಕಲ್ಲು ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಮನುಷ್ಯರನ್ನು ಇಳಿಸುತ್ತಿದ್ದರಂತೆ. ಅವಸರಪಟ್ಟು ಇಳಿದು ಸತ್ತವರ ಕಥೆ ಸುತ್ತಮುತ್ತಲ ಊರುಗಳಲ್ಲೆಲ್ಲ ಇತ್ತು. ಬರಗಾಲದಲ್ಲಿ ಆ ಹಗೇವೇ ಮನೆಯನ್ನು ಉಳಿಸಿದ್ದು. 1965-66ರ ಬರದಲ್ಲಿ ಅದೂ ಬರಿದಾಗಿ, ನ್ಯಾಯಬೆಲೆ ಅಂಗಡಿಯಲ್ಲಿ ಕೊಡುತ್ತಿದ್ದ ಅಮೆರಿಕದ ಕೆಂಪು ಜೋಳಕ್ಕೆ ಸಾಲು ನಿಂತದ್ದನ್ನೂ ಅಜ್ಜಿ ಹೇಳುತ್ತಿದ್ದಳು. ಆ ಜೋಳದ ಹಿಟ್ಟಿನಲ್ಲಿ ಮುದ್ದೆ ಕಟ್ಟಲು ಹೋದರೆ ಕೈಗೆ ಅಂಟುತ್ತದೆ, ಗಂಟಲಿಗೆ ಇಳಿಯುವುದಿಲ್ಲ ಎಂದು ಅದರ ಮೇಲೆ ಅವಳಿಗೆ ಅರವತ್ತು ವರ್ಷದ ಸಿಟ್ಟು.

ಆದರೆ ಮುದ್ದೆ ಉಣ್ಣುವುದು ಬೇರೆ, ಮುದ್ದೆಯಾಗುವ ತನಕದ ಕೆಲಸ ಬೇರೆ. ಊರಿಗೆ ಹಿಟ್ಟಿನ ಗಿರಣಿ ಬರುವ ತನಕ ಕೋಳಿ ಕೂಗುವ ಮುಂಚೆ ಎದ್ದು, ಅತ್ತೆ ಸೊಸೆ ಎದುರುಬದುರು ಕುಳಿತು, ಹದಿನಾಲ್ಕು ಹದಿನೈದು ಜನರ ಮನೆಗೆ ಆಗುವಷ್ಟು ರಾಗಿ ಬೀಸಬೇಕಿತ್ತು. ಮೊದಲ ಪಂಕ್ತಿ ಗಂಡಸರದು, ಎರಡನೆಯದು ಮಕ್ಕಳದು, ಕೊನೆಗೆ ಉಳಿದದ್ದರಲ್ಲಿ ಹೆಂಗಸರದು. ಬಸ್ಸಾರಿನ ಗಟ್ಟಿ ಅಷ್ಟು ಹೊತ್ತಿಗೆ ಪಾತ್ರೆಯಲ್ಲಿ ಇರುತ್ತಿರಲಿಲ್ಲ, ತಿಳಿಯಷ್ಟೇ. ಹಾಗಾದರೆ ಮುದ್ದೆ ಸಾರಿನ ಆರೋಗ್ಯದ ಗುಟ್ಟು ಎಂದು ಯಾರ ಫೋಟೊ ಹಾಕಬೇಕು?

ಒಮ್ಮೆ ಜಾನಪದ ಓದುತ್ತಿದ್ದ ಹುಡುಗರು ಬೀಸುವ ಪದ ಸಂಗ್ರಹಿಸಲು ಬಂದಿದ್ದರು. ಅಜ್ಜಿಗೆ ಪದಗಳು ಚೆನ್ನಾಗಿ ಬರುತ್ತಿದ್ದವು, ಕನ್ನಡದಲ್ಲೂ ತೆಲುಗಿನಲ್ಲೂ. ನಮ್ಮ ಕಡೆ ಎರಡೂ ಮನೆಮಾತೇ. ಮೊಬೈಲ್ ಮುಂದಿಟ್ಟುಕೊಂಡು ಒಂದು ಗಂಟೆ ಹಾಡಿದಳು. ಹುಡುಗರಲ್ಲಿ ಒಬ್ಬ ಭಾವುಕನಾಗಿ, ‘ಗಿರಣಿ ಬಂದ ಮೇಲೆ ಈ ಹಾಡುಗಳೆಲ್ಲ ಸತ್ತವಲ್ಲ ಅಜ್ಜಿ’ ಎಂದ. ‘ಹಾಡು ಸತ್ತರೆ ಸಾಯಲಿ, ನನಗೆ ಎರಡು ಗಂಟೆ ನಿದ್ದೆ ಸಿಕ್ಕಿತಪ್ಪ’ ಎಂದಳು. ಅವರ ಪ್ರಬಂಧದಲ್ಲಿ ಈ ಮಾತು ಸೇರಿತೋ ಇಲ್ಲವೋ. ಸೇರಬೇಕಿತ್ತು.

ಅವಳಿಗೆ ನಿಜವಾಗಿ ಇಷ್ಟವಿದ್ದದ್ದು ಬಿಳಿ ಅನ್ನ. ಅವಳ ಕಾಲದಲ್ಲಿ ಅನ್ನ ಎಂದರೆ ಹಬ್ಬ, ಇಲ್ಲವೇ ತಿಥಿ, ಇಲ್ಲವೇ ಹೆರಿಗೆಯಾದ ಮನೆ. 2013ರಲ್ಲಿ ಅನ್ನಭಾಗ್ಯ ಬಂದಾಗ ನಮ್ಮ ಮನೆಯ ಓದಿದವರೆಲ್ಲ ಮೂಗು ಮುರಿಯುತ್ತಿದ್ದರೆ, ಅಜ್ಜಿ ಮಾತ್ರ ಚೀಲ ಬಿಚ್ಚಿ, ಅಂಗೈಯಲ್ಲಿ ಅಕ್ಕಿ ಹಿಡಿದು, ನುಚ್ಚು ಎಷ್ಟಿದೆ ಎಂದು ನೋಡಿ, ‘ಪರವಾಗಿಲ್ಲ’ ಎಂದು ತೀರ್ಪು ಕೊಟ್ಟಳು. ಅನ್ನ ಬಿಟ್ಟರೆ ಬೇಕರಿಯ ಬನ್ನು, ಹಾಲಿನಲ್ಲಿ ಅದ್ದಿ. ಹಾಲುತುಪ್ಪದ ದಿನ ಎಡೆಗೆ ಅವಳಿಗೆ ಇಷ್ಟವಾದದ್ದನ್ನು ಇಡಬೇಕಲ್ಲ, ನೆಂಟರೊಬ್ಬರು ‘ಮುದ್ದೆ ಇಡಿ, ಮುದ್ದೆ ಎಂದರೆ ಪ್ರಾಣ’ ಎಂದು ಶುರುಮಾಡಿದರು. ನಮ್ಮ ದೊಡ್ಡತ್ತೆ ಎದ್ದು ನಿಂತು, ‘ಜೀವಮಾನವಿಡೀ ಅದನ್ನೇ ತಿಂದಿದ್ದಾಳೆ, ಇವತ್ತಾದರೂ ಬಿಡಿ’ ಎಂದು ಅನ್ನ, ಅವರೆಕಾಳಿನ ಸಾರು, ಎರಡು ಬನ್ನು ಇಟ್ಟರು. ಕಾಗೆಯೂ ಮೊದಲು ಬನ್ನನ್ನೇ ಎತ್ತಿಕೊಂಡು ಹೋಯಿತು.

ರೇಷ್ಮೆಯ ಬಗ್ಗೆ ಹೇಳದೆ ಅಜ್ಜಿಯ ಮಾತು ಮುಗಿಯುವುದಿಲ್ಲ. ಹಗೇವಿನ ರಾಗಿ ಹೊಟ್ಟೆಗೆ, ರೇಷ್ಮೆ ಗೂಡು ಕಾಸಿಗೆ, ಇದು ನಮ್ಮ ಸೀಮೆಯ ಲೆಕ್ಕ. ಹುಳು ಮೊಟ್ಟೆಯೊಡೆದು ಗೂಡು ಕಟ್ಟುವ ತನಕ ಇಪ್ಪತ್ತೈದು ಇಪ್ಪತ್ತೆಂಟು ದಿನ. ನಡುವೆ ನಾಲ್ಕು ಜ್ವರ, ಎಂದರೆ ಹುಳು ಪೊರೆ ಕಳಚುವ ಹೊತ್ತು. ಜ್ವರಕ್ಕೆ ಕೂತ ಹುಳು ತಲೆ ಎತ್ತಿಕೊಂಡು ಸುಮ್ಮನಿರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಪೊರೆ ಬಿಟ್ಟು ಎದ್ದ ಮೇಲೆ ಮತ್ತೆ ಹಸಿವು. ನಾಲ್ಕನೇ ಜ್ವರ ಎದ್ದ ಮೇಲಿನ ವಾರವಂತೂ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಮಧ್ಯರಾತ್ರಿ ಎದ್ದು ಸೊಪ್ಪು ಹಾಕಬೇಕು. ನಡುಮನೆಯಲ್ಲಿ ತಟ್ಟೆಗಳ ಅಂತಸ್ತು, ಮನುಷ್ಯರು ಹಜಾರದಲ್ಲಿ. ಒಗ್ಗರಣೆ ಹಾಕುವಂತಿಲ್ಲ, ಬೀಡಿ ಸೇದಿದವರು ಒಳಗೆ ಬರುವಂತಿಲ್ಲ. ಹುಳು ಹಣ್ಣಾಯಿತೇ ಎಂದು ಅಜ್ಜಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಮೈ ತಿಳಿಯಾಗಿ, ಅರಿಸಿನದ ಬಣ್ಣ ಬಂದು, ಬಾಯಿಂದ ಎಳೆ ಕಾಣಿಸಿದರೆ ಆರಿಸಿ, ಗೂಡು ಕಟ್ಟಲು ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಡುವುದು. ಸಾವಿರಾರು ಹುಳುಗಳನ್ನು ಒಂದೊಂದಾಗಿ ಆರಿಸಿ ಬಿಟ್ಟ ಬೆರಳುಗಳು ಅವು. ಕೊನೆಯ ದಿನಗಳಲ್ಲಿ ಮಂಚದ ಮೇಲೆ ಮಲಗಿದ್ದಾಗಲೂ ಹೊದಿಕೆಯ ಮೇಲೆ ಬೆರಳುಗಳು ಏನನ್ನೋ ಆರಿಸುತ್ತಲೇ ಇದ್ದವು.

1980ರ ಹೊತ್ತಿಗೆ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟಿತು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು, ಒಳಗಿನಿಂದಲೇ ತಿನ್ನುವ ನೊಣ. ಒಂದು ಬೆಳೆ ಪೂರ್ತಿ ಹೋಯಿತು, ಅದರ ಹಿಂದೆಯೇ ಹಾಲುರೋಗದಲ್ಲಿ ಇನ್ನೊಂದು. ತಾತ ತಲೆಯ ಮೇಲೆ ಕೈಹೊತ್ತು ಕುಳಿತರೆ, ಅಜ್ಜಿ ಕಿಟಕಿ ಬಾಗಿಲಿಗೆಲ್ಲ ನೈಲಾನ್ ಪರದೆ ಹೊಡೆಸಿ, ಗೋಡೆಗೆ ಸುಣ್ಣ ಬಳಿದು, ಮತ್ತೆ ಮೊಟ್ಟೆ ತರಿಸಿದಳು. ಇಷ್ಟೆಲ್ಲ ಮಾಡಿದವಳು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯ ಒಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಗೂಡು ಮಾರುವುದು ತಾತ, ಹರಾಜಿನ ಚೀಟಿ ತಾತನ ಹೆಸರಿನಲ್ಲಿ, ಹಣ ತಾತನ ಜೇಬಿನಲ್ಲಿ. ಪಹಣಿಯಲ್ಲಿ ತಾತನ ಹೆಸರು, ಆಮೇಲೆ ಗಂಡುಮಕ್ಕಳ ಹೆಸರು. ‘ಬೆಳೆಗಾರ’ ಎಂಬ ಪದ ಯಾವ ಸರ್ಕಾರಿ ಕಾಗದದಲ್ಲೂ ಅವಳ ಕಡೆ ತಿರುಗಿ ನೋಡಲಿಲ್ಲ. ತಾತ ಕೆಟ್ಟ ಮನುಷ್ಯನಲ್ಲ, ಹಣ ತಂದು ಅವಳ ಕೈಗೇ ಕೊಡುತ್ತಿದ್ದ. ಕೊಡದವರ ಮನೆಗಳೂ ನಮ್ಮೂರಿನಲ್ಲಿ ಬೇಕಾದಷ್ಟಿದ್ದವು.

ಕಾಗದದ ಮಾತು ಬಂತು. ಅಜ್ಜಿಗೆ ಸರಿಯಾಗಿ ಎಷ್ಟು ವಯಸ್ಸು ಎಂದು ಯಾರಿಗೂ ಗೊತ್ತಿರಲಿಲ್ಲ. ಆಧಾರ್ ಕಾರ್ಡಿನಲ್ಲಿ ಅವಳ ಓರಗೆಯವರೆಲ್ಲರಂತೆ ಜನವರಿ ಒಂದು. ಊರಿನ ಅರ್ಧಕ್ಕರ್ಧ ಮುದುಕರು ಹೊಸ ವರ್ಷದ ದಿನವೇ ಹುಟ್ಟಿದ್ದಾರೆ, ಸರ್ಕಾರದ ಪ್ರಕಾರ. ಅವಳ ಲೆಕ್ಕ ಬೇರೆಯದು. ವಿದುರಾಶ್ವತ್ಥದಲ್ಲಿ ಗುಂಡು ಹಾರಿದ ವರ್ಷ ಅವಳು ಕರು ಮೇಯಿಸುವಷ್ಟು ದೊಡ್ಡವಳಾಗಿದ್ದಳು. ಅದು 1938ರ ಏಪ್ರಿಲ್ 25. ಶಿವಪುರದ ಧ್ವಜ ಸತ್ಯಾಗ್ರಹದ ಬೆನ್ನಿಗೇ ಜಾತ್ರೆಯ ಸಮಯದಲ್ಲಿ ಸೇರಿದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದ ದಿನ. ಸತ್ತವರ ಸಂಖ್ಯೆಯಲ್ಲಿ ಸರ್ಕಾರದ ಮಾತಿಗೂ ಜನರ ಮಾತಿಗೂ ಇವತ್ತಿಗೂ ತಾಳೆಯಿಲ್ಲ. ಸರ್ದಾರ್ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಡನೆ ಮಾತಾಡಿ ಒಪ್ಪಂದವಾದದ್ದು ಆಮೇಲಿನ ಕಥೆ. ಅಜ್ಜಿಗೆ ನೆನಪಿದ್ದದ್ದು ಇಷ್ಟೇ: ಜಾತ್ರೆಗೆ ಹೋಗಿದ್ದ ಅವಳ ಅಪ್ಪ ಕತ್ತಲಾದ ಮೇಲೆ ಹೊಳೆಯ ದಾರಿಯಲ್ಲಿ ಓಡೋಡಿ ಬಂದ, ಚಪ್ಪಲಿ ಇರಲಿಲ್ಲ, ತರುತ್ತೇನೆಂದಿದ್ದ ಕಡಲೆಪುರಿಯೂ ಇರಲಿಲ್ಲ. ಕಡಲೆಪುರಿಗೆ ಅತ್ತದ್ದಕ್ಕೆ ಅವ್ವನಿಂದ ಏಟು ಬಿತ್ತು. ಅಷ್ಟರ ಮೇಲೆ ನಾವು ಅವಳ ವಯಸ್ಸನ್ನು ಕಟ್ಟಬೇಕು. ಆರು ವರ್ಷವಿರಬಹುದು, ಏಳೂ ಇರಬಹುದು. ಎಲ್ಲೋ ದೂರದಲ್ಲಿ ಅಣುಬಾಂಬ್ ಸಿಡಿಸಿದರೆ ಭೂಮಿಯ ನಡುಕವನ್ನು ಹಿಡಿದು ದಾಖಲಿಸುವ ಕೇಂದ್ರ 1965ರಿಂದ ನಮ್ಮ ಗೌರಿಬಿದನೂರಿನಲ್ಲಿದೆ. ಅದೇ ತಾಲ್ಲೂಕಿನಲ್ಲಿ ಒಂದು ಹೆಣ್ಣುಕೂಸು ಹುಟ್ಟಿದ್ದು ಮಾತ್ರ ಯಾವ ಪುಸ್ತಕಕ್ಕೂ ಏರಲಿಲ್ಲ.

ಮದುವೆ ಅವಳು ಮೈನೆರೆಯುವ ಮುಂಚೆಯೇ ಆಯಿತು. ಎಂಟು ತುಂಬದ ಹುಡುಗಿಯರ ಮದುವೆಯನ್ನು ಮೈಸೂರು ಸಂಸ್ಥಾನ 1894ರಲ್ಲೇ ನಿಷೇಧಿಸಿತ್ತು, ಅವಳಿಗೆ ಎಂಟು ತುಂಬಿತ್ತು, ಹಾಗಾಗಿ ಕಾನೂನಿಗೆ ತಕರಾರಿಲ್ಲ. ಇದೇ ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ ಎಚ್. ನರಸಿಂಹಯ್ಯ ಓದಬೇಕೆಂದು ಬೆಂಗಳೂರಿಗೆ ನಡೆದೇ ಹೋಗಿ, ಮುಂದೆ ವಿಶ್ವವಿದ್ಯಾಲಯದ ಕುಲಪತಿಯಾದರು. ಆ ಕಥೆ ಹೇಳಿ ಅಜ್ಜಿ ನಮ್ಮನ್ನೆಲ್ಲ ಓದಿಗೆ ಹಚ್ಚಿದಳು. ನಾನು ಒಮ್ಮೆ ಕೇಳಿದೆ, ‘ನಿನಗೂ ನಡೆದು ಹೋಗಬೇಕು ಅನ್ನಿಸಲಿಲ್ಲವಾ ಅಜ್ಜಿ?’ ‘ನಾನೂ ನಡೆದೆ, ಬಾವಿಗೆ’ ಎಂದಳು.

ಒಂದು ವಿಷಯದಲ್ಲಿ ಮಾತ್ರ ಅಜ್ಜಿ ಹಳೆಯ ಕಾಲದ ಪರ. ಅದು ಹೊಳೆ. ನಂದಿ ಬೆಟ್ಟದ ಸಾಲಿನಲ್ಲಿ ಹುಟ್ಟಿ ಗೌರಿಬಿದನೂರಿನ ಮೇಲೆ ಹಾದು ಆಂಧ್ರಕ್ಕೆ ಹೋಗುವ ಉತ್ತರ ಪಿನಾಕಿನಿ. ಬೇಸಿಗೆಯಲ್ಲೂ ಮರಳಿನಲ್ಲಿ ಮೊಣಕೈಯುದ್ದ ಒರತೆ ತೋಡಿದರೆ ತಿಳಿನೀರು. ಬಟ್ಟಲಲ್ಲಿ ಮೊಗೆದು ಕೊಡಕ್ಕೆ ಸೋಸಿಕೊಳ್ಳುವುದು. ನಮ್ಮ ಕಾಲದಲ್ಲಿ ಆ ಮರಳು ಲಾರಿಗಳಲ್ಲಿ ಹೋಯಿತು. ಬಾವಿಗಳು ಬತ್ತಿದವು, ಕೊಳವೆಬಾವಿ ಸಾವಿರ ಅಡಿ ದಾಟಿತು, ಬಂದ ನೀರಿನಲ್ಲಿ ಫ್ಲೋರೈಡ್. ಈಗ ಊರ ಮಧ್ಯದ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನಿಗೆ ನೀರು ಹಿಡಿಯುತ್ತೇವೆ. ಎತ್ತಿನಹೊಳೆಯ ನೀರು ಬರುತ್ತದೆ ಎಂದು ಪ್ರತಿ ಚುನಾವಣೆಯಲ್ಲೂ ಯಾರಾದರೊಬ್ಬರು ಜಗಲಿಗೆ ಬಂದು ಕೈಮುಗಿದು ಹೇಳುತ್ತಿದ್ದರು. ‘ಬಂದರೆ ನನ್ನ ಬಾಯಿಗೆ ಬಿಡಿ’ ಎನ್ನುತ್ತಿದ್ದಳು ಅಜ್ಜಿ. ಹಾಗಾಗಿ ‘ಆಗಿನ ನೀರು’ ಎಂದವರ ಸಂದೇಶಕ್ಕೆ ಮಾತ್ರ ನಾನು ಒಂದು ಮೆಚ್ಚುಗೆ ಒತ್ತಿದ್ದೇನೆ. ಆದರೆ ಅದನ್ನು ಬರೆದವರ ಮನೆಯೂ ಅದೇ ಮರಳಿನಲ್ಲಿ ಎದ್ದಿರಬಹುದು, ನಮ್ಮದೂ ಸೇರಿ.

ತಿಥಿಯ ಫ್ಲೆಕ್ಸ್ ಮಾಡಿಸಲು ನನ್ನನ್ನೂ ಚಿಕ್ಕಪ್ಪನನ್ನೂ ಪೇಟೆಗೆ ಕಳಿಸಿದ್ದರು. ಅಂಗಡಿಯ ಹುಡುಗನ ಬಳಿ ಸಿದ್ಧ ನಮೂನೆಯಿತ್ತು: ಮೇಲೆ ಎರಡು ದೀಪ, ನಡುವೆ ಫೋಟೊ, ಕೆಳಗೆ ಜನನ, ಮರಣ. ಜನನದ ಜಾಗಕ್ಕೆ ಏನು ಹಾಕಲಿ ಎಂದ. ಚಿಕ್ಕಪ್ಪ ಆಧಾರ್‌ನಲ್ಲಿರುವ ಜನವರಿ ಒಂದನ್ನೇ ಹಾಕು ಎಂದರು. ನಾನು ‘ವಿದುರಾಶ್ವತ್ಥದ ಗೋಲಿಬಾರಿಗೆ ಆರೇಳು ವರ್ಷ ಮುಂಚೆ’ ಎಂದು ಹಾಕಿಸೋಣ ಎಂದೆ. ಜನ ನಗುತ್ತಾರೆ ಎಂದು ಚಿಕ್ಕಪ್ಪ ಒಪ್ಪಲಿಲ್ಲ. ಹುಡುಗ ನಮ್ಮಿಬ್ಬರ ಮುಖ ನೋಡಿ ಬೇಸತ್ತು ಜನನದ ಸಾಲನ್ನೇ ತೆಗೆದುಹಾಕಿದ. ಕೆಳಗೆ ‘ತುಂಬು ಜೀವನ ನಡೆಸಿದ’ ಎಂದು ಹಾಕಲಾ ಎಂದು ಕೇಳಿದ, ಅದು ನಮೂನೆಯಲ್ಲೇ ಇತ್ತು. ಅದರ ಬದಲು ‘ರೇಷ್ಮೆ ಬೆಳೆಗಾರರು’ ಎಂದು ಹಾಕಿಸಿದೆ. ಚಿಕ್ಕಪ್ಪ ಒಂದು ಕ್ಷಣ ಸುಮ್ಮನಿದ್ದು, ‘ಅಕ್ಷರ ಇನ್ನೂ ಸ್ವಲ್ಪ ದೊಡ್ಡದು ಮಾಡಪ್ಪ’ ಎಂದು ಹುಡುಗನಿಗೆ ಹೇಳಿದರು.